ಸೀಮಾಪರಿವರ್ತನವೂ ಪ್ರಜೆಗಳ ವಿಶ್ವಾಸವೂ
(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಶುಭಸಂದರ್ಭದಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ವಿಷಯವು ಮೇಲ್ನೋಟಕ್ಕೆ ಮಠದ ಸಭೆಗೆ ಸಂಬಂಧಪಟ್ಟುದಲ್ಲವೆಂದು ತೋರಬಹುದು. ರಾಜ್ಯಗಳ ಎಲ್ಲೆಗಳು ಕಾಲಕಾಲಕ್ಕೆ ಹಿಂದುಮುಂದಾಗುವುದರಿಂದ ಕಚೇರಿ, ನ್ಯಾಯಸ್ಥಾನ, ಶಾಸನಸಭೆ ಮೊದಲಾದ ಆಡಳಿತಸಂಸ್ಥೆಗಳಲ್ಲಿ ಪ್ರಜೆಗಳು ಇಡುವ ವಿಶ್ವಾಸಕ್ಕೆ ಏನಾಗುತ್ತದೆ ಎಂಬುದೇ ಆ ವಿಷಯ. ಆದರೆ ಇಲ್ಲಿ ನೆರೆದಿರುವ ಭಕ್ತರ ಮನೆತನಗಳನ್ನೇ ನೋಡಬಹುದು. ಒಬ್ಬರ ಅಜ್ಜನವರು ಮುಂಬಯಿ ಸರಕಾರಕ್ಕೆ ಕಂದಾಯ ಕೊಟ್ಟವರು; ಇನ್ನೊಬ್ಬರವರು ನಿಜಾಮನ ಜಾಗೀರಿನಲ್ಲಿ ಉತ್ತವರು; ಮತ್ತೊಬ್ಬರವರು ಮೈಸೂರು ಮಹಾರಾಜರ ಪ್ರಜೆಗಳು. ಇವರ ಮೊಮ್ಮಕ್ಕಳು ಇಂದು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ಹೀಗಿದ್ದರೂ ಸರಕಾರದ ಮಾತು ಬಂದೊಡನೆ ಒಬ್ಬನು "ಅರ್ಜಿ ಕೊಟ್ಟು ನೋಡೋಣ" ಎನ್ನುತ್ತಾನೆ. ಇನ್ನೊಬ್ಬನು "ದೊಡ್ಡವರನ್ನು ಹಿಡಿಯದೆ ಕೆಲಸವಾಗದು" ಎನ್ನುತ್ತಾನೆ. ಮತ್ತೊಬ್ಬನು "ಬಿಡಿರಿ, ಆಗುವುದಿಲ್ಲ" ಎಂದು ಕೈ ಝಾಡಿಸುತ್ತಾನೆ. ಮತವೊಂದೇ, ಭಾಷೆಯೊಂದೇ, ಈಗ ರಾಜ್ಯವೂ ಒಂದೇ. ಭೇದವು ಎಲ್ಲಿಂದ ಬಂದಿತು? ಇದನ್ನು ತಿಳಿಯದೆ ಹೋದರೆ ಒಂದು ಸೀಮೆಯವರು ಮತ್ತೊಂದು ಸೀಮೆಯವರನ್ನು "ಅವರ ಸ್ವಭಾವವೇ ಹಾಗೆ" ಎಂದು ತಾತ್ಸಾರ ಮಾಡುವ ದೋಷವು ತಪ್ಪುವುದಿಲ್ಲ. ಆದ್ದರಿಂದ ಈ ವಿಚಾರವು ಮಠಕ್ಕೆ ಹೊರತಾದುದಲ್ಲ.

ಮೊದಲು ಪೂರ್ವಪಕ್ಷವನ್ನು ಕೇಳತಕ್ಕದ್ದು. ರಾಮ ರಾಜ್ಯವಾಳಿದರೂ ರಾಗಿ ಬೀಸುವುದು ತಪ್ಪದೆಂದು ಲೋಕದಲ್ಲಿ ಗಾದೆಯುಂಟು. ದೊರೆಗಳು ಬದಲಾದರೂ ಒಕ್ಕಲಿಗನ ನೇಗಿಲು ಬದಲಾಗದು. ಗೆರೆಯು ನಕಾಶೆಯ ಮೇಲೆ ಸರಿದರೆ ಹೊಲದಲ್ಲಿರುವವನಿಗೆ ಅದರಿಂದ ಲಾಭವೂ ಇಲ್ಲ, ಹಾನಿಯೂ ಇಲ್ಲ. ಆದಕಾರಣ ಎಲ್ಲೆಗಳ ಚರಿತ್ರೆಯಿಂದ ಜನರ ಮನಸ್ಸನ್ನು ಅಳೆಯುವುದು ವ್ಯರ್ಥವೆಂಬುದು ಆ ಪಕ್ಷದ ಸಾರ. ಮಾತು ಚಮತ್ಕಾರವಾಗಿದೆ. ಆದರೆ ಗೆರೆ ಸರಿದಾಗ ಹೊಲವು ಸರಿಯದಿದ್ದರೂ ಹೊಲದ ಲೆಕ್ಕವನ್ನು ಬರೆಯುವವನು ಬದಲಾಗುತ್ತಾನೆ, ಬರೆಯುವ ಭಾಷೆ ಬದಲಾಗುತ್ತದೆ, ತೆರಿಗೆಯನ್ನು ಧಾನ್ಯವಾಗಿ ಕೊಡಬೇಕೋ ನಾಣ್ಯವಾಗಿ ಕೊಡಬೇಕೋ ಎಂಬುದೂ ಬದಲಾಗುತ್ತದೆ. ಇವೇ ಬೀಸುವವನ ಬದುಕು.

ವಿಶ್ವಾಸವೆಂದರೇನು? ಅಧಿಕಾರಿಯ ಮೇಲಿನ ಪ್ರೀತಿಯನ್ನಾಗಲಿ ಭಯವನ್ನಾಗಲಿ ವಿಶ್ವಾಸವೆಂದು ಕರೆಯಲಾಗದು. ಕೊಟ್ಟ ಹಣಕ್ಕೆ ರಸೀದಿ ಬರುವುದು, ನಿನ್ನೆಯ ಕಟ್ಟಳೆ ಇಂದೂ ನಿಲ್ಲುವುದು, ಬಡವನ ದಾವೆಯನ್ನೂ ಸಿರಿವಂತನ ದಾವೆಯಂತೆಯೇ ಕೇಳುವುದು, ಆಡಿದ ಮಾತು ನಡೆಯುವುದು ಎಂಬ ಅನುಭವದಿಂದ ಹುಟ್ಟುವ ನಿಶ್ಚಯವೇ ವಿಶ್ವಾಸ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನು ಅಡಿಗೆಯ ಮನೆಯಲ್ಲಿ ಅವೆರಡರ ಸಹಚಾರವನ್ನು ಹಲವು ಸಲ ಕಂಡಿರಬೇಕೆಂದು ತರ್ಕಶಾಸ್ತ್ರವು ಹೇಳುತ್ತದೆ. ಇದಕ್ಕೆ ಭೂಯೋದರ್ಶನವೆಂದು ಹೆಸರು. ಆಡಳಿತದಲ್ಲಿಯೂ ಹಾಗೆಯೇ. ಅರ್ಜಿಗೆ ಉತ್ತರ ಬಂದುದನ್ನು ಹಲವು ಸಲ ಕಂಡವನು ಮುಂದಿನ ಅರ್ಜಿಯನ್ನು ಬರೆಯುತ್ತಾನೆ, ಕಾಣದವನು ಬರೆಯುವುದಿಲ್ಲ. ಇಂಗು ತೀರಿದ ಮೇಲೂ ಡಬ್ಬಿಯಲ್ಲಿ ಇಂಗಿನ ವಾಸನೆ ಉಳಿಯುವಂತೆ ಸರಕಾರವು ಹೋದ ಮೇಲೂ ಅದರ ನಡತೆಯ ವಾಸನೆಯು ಪ್ರಜೆಗಳ ಮನಸ್ಸಿನಲ್ಲಿ ಉಳಿದು, ಮಕ್ಕಳಿಗೂ ಮೊಮ್ಮಕ್ಕಳಿಗೂ ಸಂಕ್ರಮಿಸುತ್ತದೆ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ಪರದೇಶದ ದೃಷ್ಟಾಂತವೊಂದುಂಟು. ಯುರೋಪ ಖಂಡದಲ್ಲಿ ಪೋಲಂಡ ದೇಶವನ್ನು ೧೭೭೨ರಿಂದ ೧೭೯೫ರೊಳಗೆ ಆಸ್ಟ್ರಿಯಾ, ಪ್ರಶಿಯಾ, ರಶಿಯಾಗಳು ಹಂಚಿಕೊಂಡವು. ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ ಮನೆತನದ ಸಾಮ್ರಾಜ್ಯವು ೧೯೧೮ರಲ್ಲಿ ಅಳಿದು ಪೋಲಂಡವು ಪುನಃ ಒಂದಾಯಿತು. ಪೋಲಂಡ, ಯುಕ್ರೇನ, ರೂಮೇನಿಯಾ, ಸರ್ಬಿಯಾ, ಮಾಂಟೆನೀಗ್ರೋ ಎಂಬ ಈಗಿನ ಐದು ದೇಶಗಳ ಒಡಲೊಳಗೆ ಆ ಸಾಮ್ರಾಜ್ಯದ ಹಳೆಯ ಗಡಿ ಹಾದುಹೋಗಿತ್ತು. ಅದರ ಎರಡು ಮಗ್ಗುಲಿನ ಜನರನ್ನು ಹೋಲಿಸಿ ನಾಲ್ವರು ವಿದ್ವಾಂಸರು ೨೦೧೬ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಒಂದೇ ದೇಶದಲ್ಲಿ, ಒಂದೇ ಕಾನೂನಿನಡಿ ಬಾಳುತ್ತಿದ್ದರೂ ಹಳೆಯ ಸಾಮ್ರಾಜ್ಯದೊಳಗಿದ್ದ ಕಡೆಯವರು ನ್ಯಾಯಾಲಯಗಳನ್ನೂ ಪೋಲೀಸರನ್ನೂ ಹೆಚ್ಚಾಗಿ ನಂಬುತ್ತಾರೆ, ಅಲ್ಲಿ ಲಂಚ ಕೊಡುವುದೂ ಕಡಿಮೆ ಎಂದು ಅವರಿಗೆ ಕಂಡುಬಂದಿತು. ಸಾಮ್ರಾಜ್ಯವು ಅಳಿದು ಮೂರು ನಾಲ್ಕು ತಲೆಮಾರುಗಳಾದರೂ ಡಬ್ಬಿಯ ವಾಸನೆ ಹೋಗಿರಲಿಲ್ಲ. ಅದು ಉಳಿದುದು ನೆರೆಹೊರೆಯ ಕಚೇರಿಯ ವಿಷಯದಲ್ಲಿ, ದಿನದಿನವೂ ಮುಖಾಮುಖಿಯಾಗುವ ಅಧಿಕಾರಿಯ ವಿಷಯದಲ್ಲಿ ಎಂಬುದನ್ನು ಗಮನಿಸತಕ್ಕದ್ದು.

ಇನ್ನು ಪರದೇಶವನ್ನು ಬಿಟ್ಟು ಸ್ವದೇಶಕ್ಕೆ ಬರೋಣ. ಕನ್ನಡನಾಡು ಒಡೆದುದು ಒಂದೇ ಏಟಿಗಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚುವಾಗ ಕೆನರಾ ಸೀಮೆಯು ಕಂಪನಿಗೆ ಸೇರಿತು. ನಡುವಣ ಭಾಗವು ಒಡೆಯರ ಮನೆತನಕ್ಕೆ ಉಳಿಯಿತು. ಬಳ್ಳಾರಿಯು ನಿಜಾಮನ ಪಾಲಾಗಿ, ಮರುವರ್ಷವೇ ಅವನಿಂದ ಕಂಪನಿಯ ಕೈಸೇರಿತು. ೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡದ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಹೋಯಿತು. ೧೮೩೪ರಲ್ಲಿ ಕೊಡಗಿನ ಅರಸುತನ ಅಳಿಯಿತು. ೧೮೬೨ರಲ್ಲಿ ಕೆನರಾದ ಉತ್ತರಾರ್ಧವನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಜೋಡಿಸಿದರು. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನಲ್ಲಿಯೇ ಉಳಿದವು. ನಡುನಡುವೆ ಸಂಡೂರು, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗ ಮೊದಲಾದ ಸಂಸ್ಥಾನಗಳು ಬೇರೆ.

ಈ ವಿಭಾಗದ ಗುರುತು ಹೆಸರುಗಳಲ್ಲಿಯೇ ಕಾಣುತ್ತದೆ. ತಾಲೂಕಿನ ಮುಖ್ಯಾಧಿಕಾರಿಯು ಮೈಸೂರಲ್ಲಿ ಅಮಲ್ದಾರ, ಮುಂಬಯಿ ಕಡೆಯಲ್ಲಿ ಮಾಮಲೇದಾರ, ನಿಜಾಮ ರಾಜ್ಯದಲ್ಲಿಯೂ ಮದರಾಸಿನಲ್ಲಿಯೂ ತಹಶೀಲ್ದಾರ. ಊರ ಲೆಕ್ಕ ಬರೆಯುವವನು ಒಂದೆಡೆ ಶಾನುಭೋಗ, ಇನ್ನೊಂದೆಡೆ ಕುಲಕರ್ಣಿ, ಮತ್ತೊಂದೆಡೆ ಪಟವಾರಿ, ಬಳ್ಳಾರಿಯಲ್ಲಿ ಕರಣಂ. ನಿಜಾಮ ರಾಜ್ಯದ ಹಾಲಿ ಸಿಕ್ಕೆಯು ಆಚೆ ನಡೆಯದು. ಏಳು ಹಾಲಿ ರೂಪಾಯಿಗೆ ಸುಮಾರು ಆರು ಕಲ್ದಾರ ರೂಪಾಯಿಯ ಲೆಕ್ಕ. ಮಗಳನ್ನು ಗಡಿಯಾಚೆಯ ಊರಿಗೆ ಕೊಟ್ಟ ತಂದೆಯು ಅವಳನ್ನು ನೋಡಹೋಗುವಾಗ ಹಣವನ್ನು ಬದಲಿಸಿಕೊಂಡು ಹೋಗಬೇಕಾಗಿತ್ತು. ಇಂಥವನಿಗೆ ಸರಕಾರವೆಂಬುದು ಒಂದೇ ರೂಪದಲ್ಲಿ ತೋರುವುದೆಂತು?

ಗಡಿ ಸರಿದ ಮಾತ್ರಕ್ಕೆ ವಿಶ್ವಾಸವು ಮುರಿದುದಕ್ಕೆ ಪುತ್ತೂರು ಮತ್ತು ಅಮರಸುಳ್ಯ ಸೀಮೆಗಳ ಕಥೆಯು ಸ್ಪಷ್ಟವಾದ ನಿದರ್ಶನ. ಘಟ್ಟದ ಕೆಳಗಿನ ಈ ಸೀಮೆಗಳು ಕೊಡಗಿನ ಅರಸರಿಗೆ ಸೇರಿದ್ದುವು. ೧೮೩೪ರಲ್ಲಿ ಕೊಡಗನ್ನು ತೆಗೆದುಕೊಂಡ ಕಂಪನಿಯವರು ಇವನ್ನು ಅದರಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಆಳುವವನ ದೃಷ್ಟಿಯಲ್ಲಿ ಇದು ಕಾಗದದ ಮೇಲಿನ ತಿದ್ದುಪಡಿ. ಆದರೆ ಅಲ್ಲಿಯ ರೈತರು ಅದುವರೆಗೆ ಕಂದಾಯವನ್ನು ಬೆಳೆದ ಧಾನ್ಯದ ರೂಪದಲ್ಲಿ ಕೊಡುತ್ತಿದ್ದವರು. ಕೆನರಾಕ್ಕೆ ಸೇರಿದೊಡನೆ ರೊಕ್ಕವಾಗಿಯೇ ಕೊಡಬೇಕೆಂಬ ಕಟ್ಟಳೆ ಬಂದಿತು. ಭತ್ತವಿದ್ದವನ ಮನೆಯಲ್ಲಿ ನಾಣ್ಯವಿರಬೇಕೆಂಬ ನಿಯಮವೇನಿದೆ? ಭತ್ತವನ್ನು ಮಾರಿ ನಾಣ್ಯ ಮಾಡುವಲ್ಲಿ ವರ್ತಕನ ಮುಂದೆ ಕೈಯೊಡ್ಡಬೇಕು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಇಳಿಯುತ್ತದೆ. ತೆರಿಗೆಯ ಮೊತ್ತವು ಹೆಚ್ಚದಿದ್ದರೂ ಭಾರವು ಹೆಚ್ಚುತ್ತದೆ. ೧೮೩೭ರಲ್ಲಿ ಕಲ್ಯಾಣಪ್ಪನ ದಂಗೆಯೆಂದು ಪ್ರಸಿದ್ಧವಾದ ಬಂಡಾಯವು ಹೊತ್ತಿಕೊಂಡುದಕ್ಕೆ ಬೇರೆ ಕಾರಣಗಳೊಡನೆ ಇದೂ ಮುಖ್ಯ ಕಾರಣವಾಯಿತು. ದಂಗೆಯವರು ಮಂಗಳೂರನ್ನೇ ಕೆಲವು ದಿನ ಹಿಡಿದಿದ್ದರು. ದೊರೆಗಳ ಹೆಸರಿಗಾಗಿ ಕಾದಿದಂತೆ ಕಂಡ ಈ ಜನರ ಸಂಕಟದ ಬೇರು ಕಂದಾಯದ ಕಟ್ಟೆಯ ಮುಂದೆ ಇತ್ತು. ರಾಗಿ ಬೀಸುವವನಿಗೆ ರಾಜ್ಯದ ಗೆರೆ ಸಂಬಂಧವಿಲ್ಲವೆಂಬ ಪೂರ್ವಪಕ್ಷವು ಇಲ್ಲಿ ಬಿದ್ದುಹೋಯಿತು.

ಈಗ ಮೈಸೂರಿನ ಕಡೆಗೆ ತಿರುಗಿದರೆ ಇನ್ನೊಂದು ಬಗೆಯ ಪಾಠ ದೊರೆಯುತ್ತದೆ. ಮೈಸೂರಿನವರು ಮೊದಲಿನಿಂದಲೂ ಸರಕಾರವನ್ನು ನಂಬುವ ಸಾಧುಸ್ವಭಾವದವರೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ೧೮೩೦-೩೧ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದುದು ಮೈಸೂರಿನ ಸರಕಾರದ ಮೇಲೆಯೇ. ಕಂದಾಯ ವಸೂಲಿಯನ್ನು ಶರತ್ತಿಗೆ ಗುತ್ತಿಗೆ ಕೊಡುವ ಪದ್ಧತಿಯಿಂದ ಅಧಿಕಾರಿಗಳು ರೈತರನ್ನು ಹಿಂಡುತ್ತಿದ್ದರು. ಆ ದಂಗೆಯ ಪರಿಣಾಮವಾಗಿ ೧೮೩೧ರಲ್ಲಿ ಆಡಳಿತವು ಆಂಗ್ಲರ ಕೈಗೆ ಹೋಗಿ ಐವತ್ತು ವರ್ಷ ಕಮಿಶನರುಗಳ ಆಳಿಕೆ ನಡೆಯಿತು. ೧೮೮೧ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದ ವರ್ಷವೇ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಮೊದಲನೆಯ ಸಭೆಗೆ ಬಂದವರು ೧೪೪ ಮಂದಿ. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ನ್ಯಾಯವಿಧಾಯಕ ಸಭೆಯು ಬಂದುದು ೧೯೦೭ರಲ್ಲಿ. ಹೀಗಿದ್ದರೂ ವರ್ಷಕ್ಕೊಮ್ಮೆ ದಿವಾನರು ಎದ್ದುನಿಂತು ರಾಜ್ಯದ ಜಮಾಖರ್ಚನ್ನು ಊರುಗಳಿಂದ ಬಂದ ಪ್ರಮುಖರ ಮುಂದೆ ಒಪ್ಪಿಸುತ್ತಿದ್ದರು. ಬಂದವರು ತಮ್ಮ ತಾಲೂಕಿನ ಕೆರೆ, ರಸ್ತೆ, ಶಾಲೆಗಳ ಅಹವಾಲನ್ನು ಹೇಳಿಕೊಳ್ಳುತ್ತಿದ್ದರು. ಲೆಕ್ಕ ಹೇಳುವ ದೊರೆತನವನ್ನು ತಲೆಮಾರುಗಳ ಕಾಲ ಕಂಡ ಸೀಮೆಯಲ್ಲಿ ಅರ್ಜಿ ಬರೆಯುವ ಅಭ್ಯಾಸ ಬೆಳೆದುದು ಆಶ್ಚರ್ಯವಲ್ಲ. ನಗರದ ದಂಗೆಯನ್ನು ಮಾಡಿದ ಜನರ ಮೊಮ್ಮಕ್ಕಳೇ ಆ ಸಭೆಯ ಕಾಲದ ಪ್ರಜೆಗಳು. ಆದುದರಿಂದ ವಿಶ್ವಾಸವಾಗಲಿ ಅವಿಶ್ವಾಸವಾಗಲಿ ರಕ್ತದಲ್ಲಿ ಬಂದ ಗುಣವಲ್ಲವೆಂದು ಸಿದ್ಧವಾಗುತ್ತದೆ.

ಮುಂಬಯಿ ಆಧಿಪತ್ಯದ ಕನ್ನಡಿಗರ ಪಾಡು ಮತ್ತೊಂದು ವಿಧ. ಅಲ್ಲಿ ಭೂಮಿಯ ಮೋಜಣಿ, ಹೊಲದ ದಾಖಲೆ, ನ್ಯಾಯಸ್ಥಾನಗಳು ಕ್ರಮಬದ್ಧವಾಗಿದ್ದುವು, ಕಾನೂನಿಗೆ ಬೆಲೆಯಿತ್ತು. ಆದರೆ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಬಹುಕಾಲ ಮರಾಠಿಯೇ ಮೆರೆಯುತ್ತಿತ್ತು. ತನ್ನ ಹೊಲದ ಕಾಗದವನ್ನು ತಾನು ಓದಲಾರದ ರೈತನು ಓದುವವನ ಕೈಗೊಂಬೆಯಾಗಿದ್ದನು. ಡೆಪ್ಯುಟಿ ಚನ್ನಬಸಪ್ಪನವರಂಥ ವಿದ್ಯಾಧಿಕಾರಿಗಳು ಕನ್ನಡ ಶಾಲೆಗಳನ್ನು ಹರಡಿದ ಮೇಲೆ ಈ ತೊಡಕು ಕ್ರಮೇಣ ಸಡಿಲವಾಯಿತು. ದೂರದ ಮುಂಬಯಿಯಿಂದ ಎಲ್ಲವೂ ಬರಲಾರದೆಂದು ತಿಳಿದ ಅಲ್ಲಿಯ ಜನರು ತಮ್ಮ ಸಂಸ್ಥೆಗಳನ್ನು ತಾವೇ ಕಟ್ಟಿಕೊಂಡರು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆ, ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೧೬ರಲ್ಲಿ ಬೆಳಗಾವಿಯ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ ಹೀಗೆ ಹುಟ್ಟಿದುವು. ೧೯೨೦ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಮೇರೆಗೆ ಪ್ರಾಂತಗಳನ್ನು ಒಪ್ಪಿಕೊಂಡಿತು. ಸರಕಾರದ ನಕಾಶೆಯಲ್ಲಿ ಕರ್ನಾಟಕವಿಲ್ಲದ ಕಾಲದಲ್ಲಿ ಕರ್ನಾಟಕದ ಹೆಸರಿನ ಪ್ರಾಂತಸಮಿತಿಯೊಂದು ನಡೆಯುತ್ತಿತ್ತು. ಜನರು ಸರಕಾರಕ್ಕೆ ಅಂಜಿದರು, ಈ ಸಂಸ್ಥೆಗಳನ್ನು ನಂಬಿದರು.

ನಿಜಾಮ ರಾಜ್ಯದಲ್ಲಿ ಇಷ್ಟೂ ಅವಕಾಶವಿರಲಿಲ್ಲ. ಅಲ್ಲಿ ಆಡಳಿತದ ಭಾಷೆಯು ೧೮೮೪ರವರೆಗೆ ಫಾರಸಿ, ಆಮೇಲೆ ಉರ್ದು. ಭೂಮಿಯ ದೊಡ್ಡ ಪಾಲು ಜಾಗೀರುಗಳಲ್ಲಿಯೂ ನಿಜಾಮನ ಸ್ವಂತದ ಸರ್ಫೆಖಾಸಿನಲ್ಲಿಯೂ ಇತ್ತು. ಜಾಗೀರುದಾರನ ಊರಲ್ಲಿ ಕಂದಾಯ ಹೆಚ್ಚಿಸುವವನೂ ವಸೂಲು ಮಾಡುವವನೂ ದೂರು ಕೇಳುವವನೂ ಒಬ್ಬನ ಕಡೆಯವರೇ ಆಗಿರುವಲ್ಲಿ ದೂರು ಕೊಡುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದುದನ್ನು ಬೇಲಿಗೇ ಹೇಳಿದಂತೆ. ಸಭೆ ಸೇರುವುದಕ್ಕೂ ಅಪ್ಪಣೆ ಬೇಕಾಗಿತ್ತು. ಇಂಥಲ್ಲಿ ಜನರ ನಂಬುಗೆಯು ಕಚೇರಿಯನ್ನು ಬಿಟ್ಟು ಮಠದ ಕಡೆಗೆ ಹರಿಯಿತು. ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿದ್ದರೆಂಬುದು ಆ ಸೀಮೆಯಲ್ಲಿ ಮನೆಮಾತು. ಇದು ಶರಣರ ಧೈರ್ಯಕ್ಕೆ ಸಾಕ್ಷಿ. ಆ ಸರಕಾರದ ಬಡತನಕ್ಕೂ ಸಾಕ್ಷಿ. ಪ್ರಜೆಯು ತನ್ನ ಮಗುವಿಗೆ ಅಕ್ಷರ ಕಲಿಸಲು ಸರಕಾರದ ಕಣ್ಣು ತಪ್ಪಿಸಬೇಕಾದರೆ, ಅವನು ಆ ಸರಕಾರದಿಂದ ಕಲಿಯುವ ಮೊದಲ ಪಾಠವೇ ಕಣ್ಣು ತಪ್ಪಿಸುವುದು. ೧೯೪೮ರ ಸೆಪ್ಟೆಂಬರ ೧೭ರಂದು ನಿಜಾಮನ ಆಳಿಕೆ ಮುಗಿಯಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ಕಲಿತ ಪಾಠವು ಮಾತ್ರ ಅಷ್ಟು ಬೇಗ ಮರೆಯತಕ್ಕದ್ದಾಗಿರಲಿಲ್ಲ.

ಹೀಗೆ ಬೇರೆ ಬೇರೆ ವಾಸನೆಗಳುಳ್ಳ ಸೀಮೆಗಳು ಏಕೀಕರಣದಲ್ಲಿ ಕೂಡಿದುವು. ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡರು ಇದಕ್ಕಾಗಿ ಉಪವಾಸ ಕೈಕೊಂಡರು. ಅದೇ ವರ್ಷದ ಅಕ್ಟೋಬರ ೧ರಂದು ಆಂಧ್ರರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಹೋಗಿ, ಬಳ್ಳಾರಿ ಜಿಲ್ಲೆಯ ಉಳಿದ ಭಾಗವು ಮೈಸೂರಿಗೆ ಬಂದಿತು. ಫಜಲ್ ಅಲಿಯವರ ಅಧ್ಯಕ್ಷತೆಯ ಆಯೋಗವು ೧೯೫೫ರಲ್ಲಿ ವರದಿಯನ್ನು ಒಪ್ಪಿಸಿತು. ೧೯೫೬ನೆಯ ನವೆಂಬರ ೧ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ನಾಮಕರಣವಾಯಿತು.

ಆ ಉತ್ಸಾಹದಲ್ಲಿಯೂ ಎಲ್ಲರ ಮನಸ್ಸು ಒಂದೇ ಆಗಿರಲಿಲ್ಲ. ಹಳೆಯ ಮೈಸೂರಿನ ಹಲವು ಗಣ್ಯರು, ತಾವು ಬೆಳೆಸಿದ ಸುವ್ಯವಸ್ಥೆಯೂ ಬೊಕ್ಕಸವೂ ಹಿಂದುಳಿದ ಸೀಮೆಗಳ ಭಾರದಿಂದ ಕುಗ್ಗುವುವೆಂದು ಅಂಜಿದರು. ಕೊಡಗಿನವರಿಗೆ ೧೯೫೨ರಿಂದ ೨೪ ಸದಸ್ಯರ ಸ್ವಂತ ಶಾಸನಸಭೆಯೂ ಸ್ವಂತ ಮಂತ್ರಿಮಂಡಲವೂ ಇದ್ದುವು. ವಿಲೀನವಾದ ಮೇಲೆ ಅದು ಹಲವು ಜಿಲ್ಲೆಗಳಲ್ಲಿ ಒಂದಾಯಿತು. ಇಂದಿನ ೨೨೪ ಸ್ಥಾನಗಳ ವಿಧಾನಸಭೆಯಲ್ಲಿ ಕೊಡಗಿನ ಸ್ಥಾನಗಳು ಎರಡು. ಮನೆಯ ಮುಂದಿದ್ದ ಮಂತ್ರಿಯ ಬಾಗಿಲು ಬೆಂಗಳೂರಿಗೆ ಹೋದಾಗ ಆ ಜನರಿಗೆ ಹಿಂದಿನದರ ನೆನಪು ಕಾಡಿದರೆ ಅದನ್ನು ದ್ರೋಹವೆನ್ನಲಾಗದು. ಗಡಿಯ ಬದಲಾವಣೆಯು ಒಬ್ಬನಿಗೆ ಮನೆಗೆ ಮರಳಿದಂತೆ, ಇನ್ನೊಬ್ಬನಿಗೆ ಮನೆಯನ್ನು ಬಿಟ್ಟಂತೆ.

ಏಕೀಕರಣವೆಂಬುದು ಹೊಸ ರಾಜ್ಯಕ್ಕೆ ಜನರು ಕೊಟ್ಟ ಕೈಗಡ. ಆಶೆಯನ್ನು ಮುಂಗಡವಾಗಿ ಕೊಟ್ಟರು. ಅದನ್ನು ತೀರಿಸುವ ಭಾರ ಸರಕಾರದ ಮೇಲೆ ಬಿದ್ದಿತು. ಅದು ಎಷ್ಟು ತೀರಿತೆಂಬುದನ್ನು ನಿಜಾಮ ರಾಜ್ಯದ ಮೂರು ತುಂಡುಗಳ ಗತಿಯಿಂದ ಅಳೆಯಬಹುದು. ೧೯೫೬ರಲ್ಲಿ ತೆಲಂಗಾಣವು ಆಂಧ್ರಕ್ಕೂ ಮರಾಠವಾಡವು ಮುಂಬಯಿ ರಾಜ್ಯಕ್ಕೂ ಕನ್ನಡದ ಜಿಲ್ಲೆಗಳು ಮೈಸೂರಿಗೂ ಸೇರಿದುವು. ಮರಾಠವಾಡಕ್ಕೆ ಆ ವರ್ಷವೇ ಸಂವಿಧಾನದ ೩೭೧ನೆಯ ಅನುಚ್ಛೇದದಲ್ಲಿ ವಿಶೇಷ ಅವಕಾಶವನ್ನು ಕಲ್ಪಿಸಿದರು. ತೆಲಂಗಾಣವನ್ನೊಳಗೊಂಡ ಆಂಧ್ರಕ್ಕೆ ೧೯೭೩ರಲ್ಲಿ ೩೭೧-ಡಿ ಬಂದಿತು. ಮೂರನೆಯ ತುಂಡಿಗೆ ೩೭೧-ಜೆ ದೊರೆತುದು ೨೦೧೨ರಲ್ಲಿ ಅಂಗೀಕೃತವಾದ ೯೮ನೆಯ ತಿದ್ದುಪಡಿಯಿಂದ, ಎಂದರೆ ಏಕೀಕರಣದ ೫೬ ವರ್ಷಗಳ ಬಳಿಕ. ಹಿಂದೆ ಮದರಾಸಿನಲ್ಲಿದ್ದ ಬಳ್ಳಾರಿಯನ್ನೂ ಇದರಲ್ಲಿ ಸೇರಿಸಿದರು. ಈ ನಡುವೆ ಡಾಕ್ಟರ ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿ ಕೊಟ್ಟು ರಾಜ್ಯದ ೧೧೪ ತಾಲೂಕುಗಳನ್ನು ಹಿಂದುಳಿದುವೆಂದು ಎಣಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದುವು ೩೯. ಆ ೩೯ರಲ್ಲಿ ೨೧ ಕಲಬುರ್ಗಿ ವಿಭಾಗದವು. ಇವು ಬರಿಯ ಅಂಕಿಗಳೆಂದು ತಿಳಿಯಬಾರದು. ಆ ಸೀಮೆಯ ವೃದ್ಧನು "ಬಿಡಿರಿ, ಆಗುವುದಿಲ್ಲ" ಎಂದು ಕೈ ಝಾಡಿಸಿದಾಗ ಅವನ ಹಿಂದೆ ಜಾಗೀರಿನ ಕಾಲದ ವಾಸನೆಯೊಂದು, ಅದರ ಮೇಲೆ ೫೬ ವರ್ಷಗಳ ಕಾಯುವಿಕೆಯೊಂದು, ಹೀಗೆ ಎರಡು ಭೂಯೋದರ್ಶನಗಳು ನಿಂತಿರುತ್ತವೆ. ಮೊದಲನೆಯದನ್ನು ನಿಜಾಮನು ಕೊಟ್ಟನು. ಎರಡನೆಯದನ್ನು ಸ್ವಜನರ ಸರಕಾರವೇ ಕೊಟ್ಟಿತು.

ತೀರಿಸಿದ ಸಾಲವನ್ನೂ ಹೇಳದಿದ್ದರೆ ನ್ಯಾಯವಾಗದು. ೨೦೦೮ರಲ್ಲಿ ಧಾರವಾಡ ಮತ್ತು ಕಲಬುರ್ಗಿಗಳಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಆರಂಭವಾಗಿ ೨೦೧೩ರಲ್ಲಿ ಕಾಯಂ ಆದುವು. ದಾವೆಯ ಸಲುವಾಗಿ ಬೆಂಗಳೂರಿನ ವಸತಿಗೃಹಗಳಲ್ಲಿ ರಾತ್ರಿ ಕಳೆಯುವ ಕಷ್ಟವು ಎಷ್ಟೋ ಮಂದಿಗೆ ತಪ್ಪಿತು. ೨೦೧೨ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ತೆರೆಯಿತು. ೨೦೧೯ರಲ್ಲಿ ಹೈದರಾಬಾದ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದೂ, ೨೦೨೧ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದೂ ಹೆಸರಿಟ್ಟರು. ಅಳಿದ ಸರಕಾರಗಳ ಹೆಸರು ಆರು ದಶಕಗಳಿಗೂ ಮೇಲ್ಪಟ್ಟು ಬಾಳಿದುದೇ ವಿಚಾರಾರ್ಹ. ಕಲ್ಯಾಣವೆಂಬ ಹೆಸರು ಶರಣಸಂತತಿಗೆ ಪರಮಪ್ರಿಯವಾದುದು. ಆದರೆ ಡಬ್ಬಿಗೆ ಹೊಸ ಹೆಸರಿನ ಚೀಟಿಯನ್ನು ಹಚ್ಚಿದ ಮಾತ್ರಕ್ಕೆ ಒಳಗಿನ ವಾಸನೆ ಹೋಗುವುದಿಲ್ಲ. ತೊಳೆಯಬೇಕು, ಬಿಸಿಲಿಗೆ ಇಡಬೇಕು, ಹೊಸ ಪದಾರ್ಥವನ್ನು ತುಂಬಬೇಕು.

ಎಲ್ಲೆಯು ಇನ್ನೂ ತೀರ್ಮಾನವಾಗಿಲ್ಲವೆಂಬ ಭಾವನೆಯಿರುವಲ್ಲಿ ಕಷ್ಟವು ಇನ್ನೊಂದು ಪರಿ. ಬೆಳಗಾವಿಯ ವಾದಕ್ಕಾಗಿ ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ೧೯೬೭ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರವು ಅದನ್ನು ಒಪ್ಪದೆ ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿ, ಅಲ್ಲಿಯ ಕನ್ನಡಿಗರು ತಮ್ಮ ಭಾಷೆಯ ಶಾಲೆ ಕಚೇರಿಗಳಿಗಾಗಿ ಮೊರೆಯಿಡುವಂತಾಯಿತು. ಇಂಥ ಕಡೆಗಳಲ್ಲಿ ರಸ್ತೆ ಹಾಳಾದರೆ ಗಡಿಯನ್ನು ದೂರುವ ರೂಢಿ ಬೀಳುತ್ತದೆ. ರಸ್ತೆಯನ್ನು ಮಾಡಬೇಕಾದವನು ತಪ್ಪಿಸಿಕೊಳ್ಳುತ್ತಾನೆ. ೨೦೨೨ರಲ್ಲಿ ಮಹಾರಾಷ್ಟ್ರದ ಜತ್ತ ತಾಲೂಕಿನ ಕೆಲವು ಹಳ್ಳಿಗಳಿಂದ, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುವೆವೆಂಬ ದನಿ ಕೇಳಿಬಂದಿತು. ಆ ಮಾತಿನ ತಿರುಳು ಸೂಕ್ಷ್ಮವಾದುದು. ಭಾಷೆಯ ನಂಟು ಅಲ್ಲಿ ಉಂಟು. ಆದರೆ ಬಾಯಿಗೆ ಮೊದಲು ಬಂದುದು ನೀರು. ಯಾವ ಸರಕಾರವು ಹೊಲಕ್ಕೆ ನೀರು ತಂದೀತೋ ಅದು ತಮ್ಮದೆಂದು ಬಾಯಾರಿದವರು ಹೇಳುತ್ತಿದ್ದಾರೆ. ಕರ್ನಾಟಕದ ಒಳಗಿನ ಒಣಭೂಮಿಯವರೂ ನಾಳೆ ಇದೇ ಮಾತನ್ನು ತಮ್ಮ ಸರಕಾರಕ್ಕೆ ಹೇಳಬಹುದೆಂಬ ಎಚ್ಚರವು ಆಳುವವರಿಗೆ ಇರಬೇಕು.

ಇನ್ನು ಸಿದ್ಧಾಂತ. ಗಡಿಯ ಬದಲಾವಣೆಯು ತಾನಾಗಿ ವಿಶ್ವಾಸವನ್ನು ಹುಟ್ಟಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಅದು ಹಳೆಯ ಲೆಕ್ಕದ ಪುಸ್ತಕವನ್ನು ಮುಚ್ಚಿ ಹೊಸದನ್ನು ತೆರೆಯುತ್ತದೆ. ಆದರೆ ಹಳೆಯ ಪುಸ್ತಕದ ಬಾಕಿಯು ಹೊಸದರ ಮೊದಲನೆಯ ಪುಟಕ್ಕೆ ಬಂದೇ ಬರುತ್ತದೆ. ಆ ಬಾಕಿಯನ್ನು ತನ್ನದೆಂದು ಒಪ್ಪಿಕೊಂಡು ತೀರಿಸುವ ಸರಕಾರವನ್ನು ಜನರು ನಂಬುತ್ತಾರೆ. ಹಿಂದಿನವರ ಸಾಲವೆಂದು ತಳ್ಳಿಹಾಕುವ ಸರಕಾರಕ್ಕೆ ಎರಡು ಸಾಲಗಳ ಅಪಕೀರ್ತಿ ಬರುತ್ತದೆ. ಇದಕ್ಕೆ ಬೇಕಾದ ಸಾಧನಗಳು ಮೂರು. ಆಡಳಿತವು ಜನರು ಓದಬಲ್ಲ ಭಾಷೆಯಲ್ಲಿರಬೇಕು. ಜನರು ನಡೆದು ಮುಟ್ಟಬಲ್ಲ ದೂರದಲ್ಲಿರಬೇಕು. ಎಲ್ಲ ಸೀಮೆಗಳಿಗೂ ಒಂದೇ ಅಳತೆಯಲ್ಲಿರಬೇಕು.

ಈ ಮೂರೂ ಕೂಡಿದಲ್ಲಿ ಏನಾಗುತ್ತದೆಂಬುದಕ್ಕೆ ಹೊಲದ ಕಾಗದವೇ ಸಾಕ್ಷಿ. ಮೈಸೂರಿನ ಕಡೆಯವರು ಪಹಣಿಯೆಂದೂ ಧಾರವಾಡದ ಕಡೆಯವರು ಉತಾರವೆಂದೂ ಕರೆಯುವ ಈ ಕಾಗದಕ್ಕಾಗಿ ರೈತನು ಹಿಂದೆ ಲೆಕ್ಕಿಗನ ಮನೆಗೆ ಹತ್ತಾರು ಸಲ ಅಲೆಯುತ್ತಿದ್ದನು. ಈ ಶತಮಾನದ ಆರಂಭದಲ್ಲಿ "ಭೂಮಿ" ಯೋಜನೆಯಿಂದ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲೂಕು ಕಚೇರಿಯಲ್ಲಿ ೧೫ ರೂಪಾಯಿಗೆ ಕನ್ನಡದಲ್ಲಿ ಮುದ್ರಿಸಿದ ಪ್ರತಿಯನ್ನು ಯಾರು ಕೇಳಿದರೂ ಕೊಡುವಂತೆ ಮಾಡಿದರು. ಬೀದರದಲ್ಲಿಯೂ ಕೊಳ್ಳೇಗಾಲದಲ್ಲಿಯೂ ಅದೇ ಕಾಗದ, ಅದೇ ಬೆಲೆ, ಅದೇ ಭಾಷೆ. ಹಣ ಕೊಟ್ಟು ಕಾಗದವನ್ನು ಪಡೆದು ತಾನೇ ಓದಿಕೊಂಡ ರೈತನಿಗೆ ಆ ಹೊತ್ತಿಗೆ ತನ್ನ ಅಜ್ಜನು ಯಾವ ಸರಕಾರದ ಪ್ರಜೆಯಾಗಿದ್ದನೆಂಬುದು ಮರೆತುಹೋಗುತ್ತದೆ. ಅಷ್ಟರಮಟ್ಟಿಗೆ ೧೭೯೯ರ ಗೆರೆಯೂ ೧೮೧೮ರ ಗೆರೆಯೂ ಅಳಿಸಿದಂತಾಯಿತು. ಎಲ್ಲ ತೊಡಕೂ ಇದರಿಂದ ತೀರಿತೆಂದಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಕಚೇರಿಗಳಲ್ಲಿ ಇನ್ನೂ ಸತ್ತಿಲ್ಲ.

ಸದ್ಭಕ್ತರೇ, ಈ ಸಭೆಯಲ್ಲಿ ಕಚೇರಿಯ ಮೇಜಿನ ಒಳಗೆ ಕೂಡುವವರೂ ಇದ್ದೀರಿ, ಹೊರಗೆ ನಿಲ್ಲುವವರೂ ಇದ್ದೀರಿ. ಒಳಗೆ ಕೂಡುವವರು ತಿಳಿಯತಕ್ಕದ್ದೇನೆಂದರೆ, ಎದುರಿಗೆ ಬಂದವನು ಒಬ್ಬನೇ ಬಂದಿರುವುದಿಲ್ಲ. ಅವನ ತಂದೆ ಅಜ್ಜಂದಿರು ಕಂಡ ಕಚೇರಿಗಳೆಲ್ಲ ಅವನ ಬೆನ್ನ ಹಿಂದೆ ನಿಂತಿರುತ್ತವೆ. ಅವನು ಸಂದೇಹದಿಂದ ನೋಡಿದರೆ ಸಿಟ್ಟಾಗಬಾರದು. ಆ ದಿನದ ಕೆಲಸವನ್ನು ಆ ದಿನವೇ ಮಾಡಿ ಕಳುಹಿಸುವುದೇ ಅವನ ಸಂದೇಹಕ್ಕೆ ಉತ್ತರ. ಕಾಯಕವನ್ನು ಪೂಜೆಯೆಂದು ತಿಳಿದ ಪರಂಪರೆಯವರಿಗೆ ಇದು ಹೊಸ ಮಾತೇನೂ ಅಲ್ಲ. ಹೊರಗೆ ನಿಲ್ಲುವವರು ತಿಳಿಯತಕ್ಕದ್ದೇನೆಂದರೆ, ಅವಿಶ್ವಾಸವು ಅನುಭವದಿಂದ ಬಂದುದಾದರೂ ಅದನ್ನೇ ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವುದು ತರವಲ್ಲ. ಅರ್ಜಿಯನ್ನು ಬರೆಯಬೇಕು, ರಸೀದಿಯನ್ನು ಕೇಳಬೇಕು, ಲೆಕ್ಕವನ್ನು ಕೇಳಬೇಕು. ಕೇಳುವವರಿಲ್ಲದ ಕಚೇರಿಯು ಹೇಳುವುದನ್ನು ಮರೆಯುತ್ತದೆ. ಇಬ್ಬರೂ ಸೇರಿ ತಿಳಿಯತಕ್ಕದ್ದು ಇನ್ನೊಂದುಂಟು. ಒಂದು ಸೀಮೆಯವರ ನಂಬುಗೆ ಇನ್ನೊಂದು ಸೀಮೆಯವರ ಸಂದೇಹಕ್ಕಿಂತ ಮೇಲಾದ ಗುಣವಲ್ಲ. ಅವರಿಗೆ ದೊರೆತ ದೊರೆತನ ಬೇರೆ, ಇವರಿಗೆ ದೊರೆತುದು ಬೇರೆ, ಅಷ್ಟೆ.

ಎಲ್ಲೆಗಳು ಹಿಂದೆ ಸರಿದುವು, ಮುಂದೆಯೂ ಸರಿದಾವು. ಅವು ಎಲ್ಲಿ ನಿಂತರೂ ಬಡವನು ಕಚೇರಿಯ ಮೆಟ್ಟಿಲನ್ನು ಅಂಜದೆ ಏರಿ, ಕೆಲಸವಾಯಿತೆಂದು ಇಳಿದುಬರುವಂತಾಗಲಿ. ಶ್ರೀಗುರುವಿನ ಕೃಪೆಯು ಸರ್ವರ ಮೇಲಿರಲಿ.